ಸಾಂಬಾರಿನ ಹುಡಿ ಕದ್ದವನು

ಕಳ್ಳ ಎಂಬ ಮಾತು ಕಿವಿಗೆ ಬಿದ್ದಾಗ ಕರುಣಾಕರನಿಗೆ ಮೊದಲು ಬಂದದ್ದು ನಗು. ಬರಬಾರದಿತ್ತು, ಬಂತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಹೋಟೆಲು ಖಾಲಿಯಾಗಿತ್ತು, ಫ್ಯಾನುಗಳಷ್ಟೇ ತಿರುಗುತ್ತಿದ್ದವು. ನಡುವಿನ ಮೇಜಿನಲ್ಲಿ ಧಣಿ ಸೂರ್ಯನಾರಾಯಣ ಎರಡು ಸ್ಟೀಲಿನ ಬಟ್ಟಲು ಅಕ್ಕಪಕ್ಕ ಇಟ್ಟುಕೊಂಡು, ಒಮ್ಮೆ ಇದರಿಂದ, ಒಮ್ಮೆ ಅದರಿಂದ ಚಮಚದಲ್ಲಿ ಸಾಂಬಾರು ಎತ್ತಿ ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿ, ಕಣ್ಣು ತೆರೆದು, ‘ನೀನು ಕಳ್ಳ, ಕರುಣಾಕರ’ ಎಂದಿದ್ದ. ಅವನ ಮೀಸೆಗೆ ಬೇಯಿಸಿದ ಬೇಳೆಯ ಒಂದು ಚೂರು ಅಂಟಿಕೊಂಡಿತ್ತು. ಇಷ್ಟು ದೊಡ್ಡ ಮಾತು ಆಡುವ ಮುಂಚೆ ಮನುಷ್ಯ ಬಾಯಿ ಒರೆಸಿಕೊಳ್ಳಬಾರದೇ ಎಂದು ಕರುಣಾಕರನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಗು ಇನ್ನಷ್ಟು ಒತ್ತಿಕೊಂಡು ಬಂದು, ಅದನ್ನು ಕೆಮ್ಮು ಮಾಡಿ ಹೊರಗೆ ಬಿಟ್ಟ.

‘ನಗ್ತೀಯಲ್ಲ, ನಾಚಿಕೆ ಇಲ್ಲವಾ?’ ಎಂದ ಸೂರ್ಯನಾರಾಯಣ. ‘ಇದು ನಮ್ಮದು. ಇದು ದ್ವಾರಕಾದಲ್ಲಿ ಹೊಸ ಹೋಟೆಲು ತೆರೆದಿದ್ದಾರಲ್ಲ, ಅವರದು. ದಿನಾ ಇಡ್ಲಿಗೆ ಬರುವ ಚಿದಂಬರ ಸರ್ ಮಗಳ ಮನೆಗೆ ಹೋದಾಗ ಅಲ್ಲಿ ತಿಂದು, ಗಾಬರಿಯಾಗಿ, ಪಾರ್ಸೆಲ್ ಕಟ್ಟಿಸಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಸೂರ್ಯನಾರಾಯಣ, ನಿಮ್ಮ ತಾಯಿಯವರ ಸಾಂಬಾರು ದ್ವಾರಕಾದಲ್ಲಿ ಮಾರಾಟಕ್ಕಿದೆಯಲ್ಲ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಹುಡಿಯಲ್ಲಿ ಏನೇನುಂಟು ಅಂತ ಮೂಸಿಯೇ ಕಂಡುಹಿಡಿಯುವ ಮೂಗು ಈ ದೆಹಲಿಯಲ್ಲಿ ಇರುವುದು ಒಬ್ಬನಿಗೆ. ಅದು ನೀನು.’

ಕರುಣಾಕರ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ. ಇತ್ತು. ಗೋಡೆಗೊರಗಿ ನಿಂತಿದ್ದ ಸಪ್ಲಾಯರ್ ಗುಂಡಣ್ಣ, ಹೋಟೆಲು ಶುರುವಾದಂದಿನಿಂದ ಇರುವವನು, ಅಷ್ಟೇ ದಿನದಿಂದ ಕರುಣಾಕರನ ಜೊತೆ ಎಲೆಅಡಿಕೆ ಹಂಚಿಕೊಂಡವನು, ನೆಲ ನೋಡಿದ. ಸೂರ್ಯನಾರಾಯಣ ಎದ್ದು ನಿಂತು, ಸಂಜೆ ತಿಂಡಿಯ ಹೊತ್ತಿಗೆ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟು ಎಂದ. ದೆಹಲಿಯಲ್ಲಿ ಹೋಟೆಲು ಇಟ್ಟುಕೊಂಡ ನಮ್ಮ ಊರ ಕಡೆಯವರೆಲ್ಲರ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಫೋಟೋ ಹಾಕುತ್ತೇನೆ, ಯಾವನ ಅಡುಗೆಮನೆಯೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂದ. ಆಮೇಲೆ, ಅಭ್ಯಾಸಬಲದಿಂದ, ‘ರಾತ್ರಿಗೆ ಬೇಳೆ ನೆನೆಹಾಕಿದ್ದೀಯಾ?’ ಎಂದೂ ಕೇಳಿದ. ಹಾಕಿದ್ದೇನೆ ಎಂದ ಕರುಣಾಕರ.

ಅಡುಗೆಮನೆಗೆ ಬಂದು ಬಾಗಿಲು ಎಳೆದುಕೊಂಡ. ತಲೆ ಹಗುರವಾಗಿ, ಕಾಲ ಕೆಳಗಿನ ಟೈಲ್ಸ್ ಸ್ವಲ್ಪ ಮೇಲೆದ್ದಂತೆ, ಹಬ್ಬದ ದಿನ ಉಪವಾಸವಿದ್ದು ಮೊದಲ ಲೋಟ ಪಾನಕ ಕುಡಿದಂತೆ ಇತ್ತು. ಹೆದರಬೇಕಾದ ಹೊತ್ತು. ಹೆದರಿಕೆಯೂ ಇತ್ತು, ಹೊಟ್ಟೆಯ ಯಾವುದೋ ಮೂಲೆಯಲ್ಲಿ. ಆದರೆ ಅದರ ಮೇಲೆ ಹತ್ತಿ ಇನ್ನೇನೋ ಕುಣಿಯುತ್ತಿತ್ತು. ತನ್ನ ಮೂಗು! ಆ ಕೆಟ್ಟ ಏಪ್ರಿಲಿನಲ್ಲಿ, ಆಂಬುಲೆನ್ಸುಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲದ ದಿನಗಳಲ್ಲಿ, ಜ್ವರ ಬಂದು ಹೋಗಿತ್ತು. ಹೆಂಡತಿ ಕೊಟ್ಟ ಶುಂಠಿ ಕಷಾಯ ಬರೀ ಬಿಸಿಯಾಗಿ ಖಾರವಾಗಿತ್ತು, ಇನ್ನೇನೂ ಆಗಿರಲಿಲ್ಲ. ಎದ್ದು ಹೋಗಿ ಇಂಗಿನ ಡಬ್ಬಿಗೆ ಮುಖ ಹಾಕಿದ್ದ. ಡಬ್ಬಿ ಖಾಲಿಯಾಗಿದೆ ಅಂದುಕೊಂಡು ಒಳಗೆ ಬೆರಳು ಹಾಕಿದರೆ ಇಂಗು ಇತ್ತು. ಮೂಗು ಮಾತ್ರ ಹೋಗಿತ್ತು, ತಿರುಗಿ ಬಂದಿರಲಿಲ್ಲ. ಉಪ್ಪು, ಹುಳಿ, ಖಾರ, ಸಿಹಿ ನಾಲಿಗೆಗೆ ತಿಳಿಯುತ್ತಿತ್ತು. ಕೊತ್ತಂಬರಿ, ಮೆಂತೆ, ಕರಿಬೇವು, ತುಪ್ಪ, ಮಳೆ, ಹೆಂಡತಿಯ ಕೂದಲು ಎಲ್ಲ ಒಂದೇ ಆಗಿದ್ದವು. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ವಾಸನೆ ತಿಳಿಯದ ಅಡುಗೆಯವನನ್ನು ಇಟ್ಟುಕೊಂಡು ಯಾರು ಏನು ಮಾಡುತ್ತಾರೆ?

ಸಿಕ್ಕಿಬೀಳುತ್ತೇನೆ ಎಂದು ಮೊದಲ ತಿಂಗಳು ದಿನವೂ ಬೆವರುತ್ತಿದ್ದ. ಸಿಕ್ಕಿಬೀಳಲಿಲ್ಲ, ಏಕೆಂದರೆ ಅವನು ಒಲೆಯ ಮೇಲಿನ ಅಡುಗೆಯನ್ನು ಯಾವತ್ತೂ ಮೂಸಿ ನೋಡಿದವನೇ ಅಲ್ಲ. ಊರಿನ ದೇವಸ್ಥಾನದ ಅಡುಗೆಮನೆಯಲ್ಲಿ ಸೋದರಮಾವನ ಕೈಕೆಳಗೆ ಕಲಿತದ್ದು. ನೈವೇದ್ಯಕ್ಕೆ ಮುಂಚೆ ಅಡುಗೆ ಬಾಯಿಗೆ ಹಾಕಬಾರದು, ಮೂಗಿಗೂ ಹತ್ತಿರ ತರಬಾರದು. ಒಮ್ಮೆ ಪಾಯಸದ ಕಡೆ ಬಗ್ಗಿ ಉಸಿರು ಎಳೆದುಕೊಂಡಿದ್ದಕ್ಕೆ ಮಾವ ಸೌಟಿನ ಹಿಡಿಯಿಂದ ಬೆನ್ನಿಗೆ ಬಿಟ್ಟಿದ್ದ. ದೆಹಲಿಗೆ ಬಂದ ಮೇಲೂ ಆ ಶಿಸ್ತು ಬಿಡಲಿಲ್ಲ. ಬೆಳಿಗ್ಗೆ ಮೊದಲ ಬಟ್ಟಲು ಸಾಂಬಾರು ತುಳಸಿ ಹಾಕಿಸಿಕೊಂಡು ಗಲ್ಲಾದ ಮೇಲಿನ ಕೃಷ್ಣನ ಫೋಟೋದ ಮುಂದೆ ಹೋಗಬೇಕು, ಆಮೇಲೆ ಜನ. ಸೂರ್ಯನಾರಾಯಣ ಅದನ್ನೇ ಗಿರಾಕಿಗಳಿಗೆ ಹೇಳಿ ಹೇಳಿ ಹೆಸರು ಮಾಡಿದ್ದ: ‘ನಮ್ಮ ಭಟ್ಟ ರುಚಿ ನೋಡುವುದೇ ಇಲ್ಲ ಸಾರ್, ಕೈ ಅಳತೆ.’ ಹೀಗಾಗಿ ಸಾಸಿವೆಯ ಸದ್ದು, ನೊರೆಯ ಬಣ್ಣ, ಸೌಟಿಗೆ ಸಿಗುವ ಭಾರ ಇಷ್ಟನ್ನು ನಂಬಿ, ಕಣ್ಣು ಕಟ್ಟಿಕೊಂಡು ಸೈಕಲ್ ಹೊಡೆಯುವವನ ಹಾಗೆ ಅವನು ದಿನ ದೂಡಿದ. ತಟ್ಟೆಗಳು ಖಾಲಿಯಾಗಿ ಬರುತ್ತಿದ್ದವು. ಬೇಸಿಗೆಯಲ್ಲಿ ಗಾಳಿ ತಿರುಗಿ ಕಸದ ಗುಡ್ಡದ ನಾತ ಇಡೀ ರೋಹಿಣಿ ಬಡಾವಣೆಯ ಮೇಲೆ ಬಿದ್ದು, ಜನ ಮೂಗು ಮುಚ್ಚಿಕೊಂಡು ಓಡುವಾಗ, ಅವನೊಬ್ಬ ಮದುಮಗನಂತೆ ನಿಧಾನಕ್ಕೆ ನಡೆಯುತ್ತಿದ್ದ. ಅಂಥ ಸಂಜೆಗಳಲ್ಲಿ ಮಾತ್ರ ಅವನಿಗೆ ಅಳು ಬರುತ್ತಿತ್ತು. ಈಗ ನೋಡಿದರೆ ಅದೇ ಮೂಗಿನ ಮೇಲೆ ಕಳ್ಳತನದ ಆರೋಪ. ಕುಂಟನನ್ನು ಹಿಡಿದು ಓಟದಲ್ಲಿ ಮೋಸ ಮಾಡಿದೆ ಎಂದ ಹಾಗಾಯಿತು. ಕುಂಟನಿಗೆ ಸಿಟ್ಟು ಬರುವುದಕ್ಕೆ ಮುಂಚೆ ಸ್ವಲ್ಪ ಹೆಮ್ಮೆಯೂ ಆಗಬಹುದಲ್ಲ ಎಂದು ಕರುಣಾಕರನಿಗೆ ಹೊಳೆದು, ಬೇಳೆಯ ಪಾತ್ರೆ ಹಿಡಿದು ಒಬ್ಬನೇ ನಕ್ಕ.

ಫೋನು ಬಡಿದುಕೊಂಡಿತು. ಮಗಳು ಪ್ರಜ್ಞಾ, ಕಾಲೇಜಿನಿಂದ. ಗುಂಡಣ್ಣನ ಮಗಳು ಅವಳ ಗೆಳತಿ. ಸುದ್ದಿ ಮೆಟ್ರೋಗಿಂತ ಬೇಗ ಹೋಗಿತ್ತು. ‘ಪಪ್ಪಾ, ಕ್ಯಾ ಹುವಾ? ಅವರು ನಿಮಗೆ ಚೋರ್ ಅಂದ್ರಾ?’ ಎಂದಳು. ‘ಅಂದರು’ ಎಂದ. ‘ಪಪ್ಪಾ...’ ಹಿಂದೆ ಬಸ್ಸಿನ ಸದ್ದು, ಯಾರೋ ನಗುವ ಸದ್ದು. ‘ಆಪ್‌ನೆ ಲಿಯಾ ತೋ ನಹೀಂ ನಾ? ಐ ಮೀನ್, ಸುಮ್ನೆ ಕೇಳಿದೆ.’ ನೀವು ತೆಗೆದಿಲ್ಲ ತಾನೇ ಎಂದು ಸುಮ್ಮನೆ ಕೇಳಿದಳು. ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜಪಾನಿ ಪಾರ್ಕಿನಲ್ಲಿ ಬಾತುಕೋಳಿ ತೋರಿಸಿದ್ದ. ಆಗ ಅವಳ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು, ಅದು ಇನ್ನೂ ಎಲ್ಲೋ ನೆನಪಿದೆ, ವಾಸನೆಯಾಗಿ ಅಲ್ಲ, ವಾಸನೆ ಇತ್ತು ಎಂಬ ಮಾಹಿತಿಯಾಗಿ. ‘ಇಲ್ಲ ಮಗಾ’ ಎಂದ. ‘ಹಾಗಾದ್ರೆ ಪ್ರೂವ್ ಮಾಡಿ ಪಪ್ಪಾ. ಇಲ್ಲಾಂದ್ರೆ ಎಲ್ಲರೂ ಅದನ್ನೇ ನಂಬ್ತಾರೆ’ ಎಂದಳು, ಪ್ರೊಫೆಸರಿಗೆ ಹೇಳಿದಂತೆ. ಅಚ್ಛಾ, ಬೈ ಎಂದಳು. ಕುಣಿಯುತ್ತಿದ್ದದ್ದು ಒಂದು ಗಳಿಗೆ ಕಾಲು ತಪ್ಪಿತು. ಪ್ರೂವ್ ಮಾಡುವುದು ಎಷ್ಟು ಸುಲಭ! ಬಾಯಿ ತೆರೆದು ಒಂದು ಮಾತು ಹೇಳಿದರೆ ಕಳ್ಳನಲ್ಲ ಎಂದಾಗುತ್ತದೆ. ಅದೇ ಮಾತಿಗೆ ಅಡುಗೆಯವನೂ ಅಲ್ಲ ಎಂದಾಗುತ್ತದೆ. ಹೆಸರು ಉಳಿಸಿಕೊಂಡರೆ ಕೆಲಸ ಹೋಯಿತು, ಸುಮ್ಮನಿದ್ದರೆ ಎರಡೂ ಹೋಯಿತು. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ ಬರುತ್ತಿತ್ತು.

ಹಿಂಬಾಗಿಲು ಕಿರುಗುಟ್ಟಿ ಪ್ರಫುಲ್ಲಾ ಬಂದಳು. ಸೂರ್ಯನಾರಾಯಣನ ಹೆಂಡತಿ. ಪ್ರತಿ ಸೋಮವಾರ ಬಂದಂತೆ, ಬಾಯಿ ಹೊಲಿದ ಬಿಳಿ ಬಟ್ಟೆಚೀಲ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಅದರಲ್ಲಿ ಹುಡಿ. ಸೂರ್ಯನಾರಾಯಣನ ಅಮ್ಮ ಸಾಯುವ ಮುಂಚೆ ಮಗನನ್ನೇ ಕೋಣೆಯಿಂದ ಆಚೆ ಕಳಿಸಿ, ಏನೇನು ಎಷ್ಟೆಷ್ಟು ಹುರಿಯಬೇಕೆಂದು ಸೊಸೆಯೊಬ್ಬಳಿಗೇ ಹೇಳಿ ಹೋಗಿದ್ದರು. ಅಂದಿನಿಂದ ಅದು ಮನೆಯಲ್ಲಿ ತಯಾರಾಗಿ ಹೊಲಿದು ಬರುತ್ತದೆ. ಕರುಣಾಕರ ಕತ್ತರಿಸಿ ಡಬ್ಬಿಗೆ ಸುರಿಯುತ್ತಾನೆ, ಒಳಗೇನಿದೆ ಎಂದು ಕೇಳುವುದಿಲ್ಲ. ಪ್ರಫುಲ್ಲಾ ಚೀಲವನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

‘ಕರುಣಾಕರಣ್ಣ, ನೀವು ದೇವರಂಥ ಮನುಷ್ಯ’ ಎಂದಳು.

‘ಈಗಷ್ಟೇ ಕಳ್ಳ ಆದೆ, ಅಕ್ಕ. ಅಷ್ಟು ಬೇಗ ದೇವರಾಗುವುದು ಕಷ್ಟ.’

‘ತಮಾಷೆ ಬೇಡ. ನೀವು ಮೊದಲ ದಿನವೇ ಕಂಡುಹಿಡಿದಿದ್ದೀರಿ ಅಂತ ನನಗೆ ಗೊತ್ತು. ಚೀಲ ಕತ್ತರಿಸಿದ ಕೂಡಲೇ ನಿಮ್ಮ ಮೂಗಿಗೆ ಗೊತ್ತಾಗಿರುತ್ತದೆ. ಆದರೂ ಎರಡು ವರ್ಷದಿಂದ ಒಂದು ಮಾತು ಆಡಲಿಲ್ಲ. ಪ್ರತಿ ಸೋಮವಾರ ಇಲ್ಲಿ ಬಂದು ನಿಂತಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನೀವು ನಗುತ್ತಾ, ಬಂತಾ ಅಕ್ಕ ಹುಡಿ ಅಂತಿದ್ದಿರಿ. ಆ ನಗು ನೋಡಿದರೆ ಜೀವ ಬರುತ್ತಿತ್ತು.’

‘ಏನು ಕಂಡುಹಿಡಿದದ್ದು?’

‘ಹೋಗಿ ಕರುಣಾಕರಣ್ಣ, ನನ್ನ ಹತ್ತಿರವೂ ನಾಟಕವಾ?’ ಎಂದು ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ಹುರಿಯುವುದಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ. ಮೂರನೇ ಮಹಡಿಯ ಫ್ಲ್ಯಾಟು, ಮೇ ತಿಂಗಳು, ರಾಶಿ ರಾಶಿ ಮೆಣಸು. ಕೆಮ್ಮು ಹಿಡಿದರೆ ಬಿಡುವುದಿಲ್ಲ, ಮೇಲಿನವರು ಬಂದು ಜಗಳ ಆಡುತ್ತಾರೆ. ಇವರ ಹತ್ತಿರ ಹೇಳಿದರೆ, ಅಮ್ಮ ಎಪ್ಪತ್ತು ವರ್ಷದಲ್ಲೂ ಹುರೀತಿದ್ದಳು ಅಂತಾರೆ. ಕರೋಲ್ ಬಾಗಿನ ಅಂಗಡಿಯಿಂದ ರೆಡಿ ಹುಡಿ ತಂದು ಹೊಲಿದು ಕೊಡೋಕೆ ಶುರು ಮಾಡಿದೆ. ದ್ವಾರಕಾದವರೂ ಅಲ್ಲಿಂದಲೇ ತರೋದು, ನಾನೇ ನೋಡಿದ್ದೇನೆ. ಮೊನ್ನೆ ಅತ್ತೆಯ ತಿಥಿಗೂ ಅದನ್ನೇ ಹಾಕಿದೆ. ಇವರು ತಿಂದು, ಅಮ್ಮನೇ ಬಂದು ಬಡಿಸಿದ ಹಾಗಾಯಿತು ಅಂತ ಕಣ್ಣೀರು ಹಾಕಿದರು.’

ಕರುಣಾಕರ ಕಟ್ಟೆ ಹಿಡಿದುಕೊಂಡ. ಹಾಗಾದರೆ ಪ್ರತಿ ಸೋಮವಾರ ಇವಳು ತನ್ನ ಖಾಲಿ ಮುಖದಲ್ಲಿ ಒಂದು ದೊಡ್ಡ ಔದಾರ್ಯ ಓದುತ್ತಿದ್ದಳು! ತಾನು ಆ ಹೊತ್ತಿಗೆ ಇವಳಿಗೆಲ್ಲಿ ತನ್ನ ಮೂಗಿನ ವಿಷಯ ಗೊತ್ತಾಗುತ್ತದೋ ಎಂದು ಹೆದರಿ ಹಲ್ಲು ಕಿರಿಯುತ್ತಿದ್ದ. ಅವಳ ಭಯಕ್ಕೆ ಇವನ ಭಯ ಧೈರ್ಯ ಹೇಳುತ್ತಿತ್ತು. ಇಷ್ಟು ಗೌರವದಿಂದ ಅವನನ್ನು ಯಾರೂ ನೋಡಿರಲಿಲ್ಲ; ಅದನ್ನು ಹಾಗೇ ಇಟ್ಟುಕೊಂಡುಬಿಡೋಣ ಎಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ ಅವನಿಗೇ ನಾಚಿಕೆಯಾಯಿತು. ಅಲ್ಲದೆ ಇನ್ನೊಂದು ದಾರಿಯೂ ತೆರೆದಿತ್ತು. ಈ ಚೀಲ ಎತ್ತಿಕೊಂಡು ಹೋಗಿ ಸೂರ್ಯನಾರಾಯಣನ ಮೇಜಿನ ಮೇಲೆ ಕುಕ್ಕಿದರೆ ಸಾಕು, ಹೆಸರೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ, ಮೂಗಿನ ಮಾತೇ ಬರುವುದಿಲ್ಲ. ಅವನ ಕೈ ಚೀಲದ ಕಡೆ ಹೋಗಿಯೂ ಹೋಯಿತು. ಪ್ರಫುಲ್ಲಾ ಅದನ್ನು ನೋಡಿ, ತನ್ನ ಕೈ ತೆಗೆದುಬಿಟ್ಟಳು. ‘ತಗೊಂಡು ಹೋಗಿ’ ಎಂದಳು. ‘ನಿಮ್ಮ ಮಗಳು ದೊಡ್ಡವಳಾಗಿದ್ದಾಳೆ. ನನ್ನಿಂದ ನೀವು ಕಳ್ಳ ಆಗುವುದು ಬೇಡ. ನನಗೆ ಹೇಳುವ ಧೈರ್ಯ ಇಲ್ಲ, ನೀವೇ ಹೇಳಿ.’ ತಡೆದಿದ್ದರೆ ತೆಗೆದುಕೊಂಡು ಹೋಗುತ್ತಿದ್ದನೋ ಏನೋ. ತಗೊಂಡು ಹೋಗಿ ಎಂದ ಮೇಲೆ ಅವನಿಂದ ಆಗಲಿಲ್ಲ. ‘ಹುಡಿ ಡಬ್ಬಿಗೆ ಹಾಕಿಡಿ ಅಕ್ಕ, ರಾತ್ರಿಗೆ ಬೇಕು’ ಎಂದು, ಕೈ ಒರೆಸಿಕೊಂಡು, ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

‘ಸೂರ್ಯಣ್ಣ, ನನಗೆ ವಾಸನೆ ಗೊತ್ತಾಗುವುದಿಲ್ಲ. ಕೊರೋನಾ ಬಂದಾಗ ಹೋದದ್ದು ಬರಲೇ ಇಲ್ಲ. ನಾನು ಹೇಗೆ ಕದಿಯಲಿ?’

ಹೇಳಿದ ಕೂಡಲೇ ಹೊಟ್ಟೆಯೊಳಗಿನ ಯಾವುದೋ ದಾರ ಕಡಿದು ಅವನು ಮೇಲೆ ಮೇಲೆ ಹೋಗತೊಡಗಿದ. ಸೂರ್ಯನಾರಾಯಣ ಮೊದಲು ಬಾಯಿ ಬಿಟ್ಟ, ಆಮೇಲೆ ಚಪ್ಪಾಳೆ ತಟ್ಟಿದ. ‘ಕೇಳಿದಿಯಾ ಗುಂಡಣ್ಣ, ಇವನಿಗೆ ಮೂಗೇ ಇಲ್ಲವಂತೆ! ಕೈ ಕತ್ತರಿಸಿ ಹೋಗಿದೆ ಅನ್ನಲಿಲ್ಲ, ಪುಣ್ಯ!’ ಪರೀಕ್ಷೆ ಮಾಡಿಯೇ ಬಿಡುವುದೆಂದಾಯಿತು. ಗುಂಡಣ್ಣ ಕೆಂಡದ ಮೇಲೆ ಒಣಮೆಣಸು ಹಾಕಿ ತಂದು ಮುಖಕ್ಕೆ ಹಿಡಿದ. ಕರುಣಾಕರ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿದ. ‘ಸಿಕ್ಕಿಬಿದ್ದ!’ ಎಂದು ಸೂರ್ಯನಾರಾಯಣ ಎದ್ದುನಿಂತ. ಘಾಟು ಬೇರೆ, ವಾಸನೆ ಬೇರೆ ಎಂದು ಹೇಳಲು ಹೋದರೆ ಕೆಮ್ಮು ಬಿಡಲಿಲ್ಲ. ಹಳೇ ಒದ್ದೆ ಬಟ್ಟೆ ಬಂತು, ಅಗರಬತ್ತಿ ಬಂತು, ಗುಂಡಣ್ಣನ ಕಾಲ್ಚೀಲ ಬಂತು. ಎಲ್ಲದಕ್ಕೂ ಕರುಣಾಕರ ಸಭ್ಯವಾಗಿ, ಗೊತ್ತಾಗಲಿಲ್ಲ ಎಂದ. ಕಾಲ್ಚೀಲ ಮೂಸುತ್ತಾ ನಿಂತವನ ಮುಖದಲ್ಲಿ ಅಷ್ಟು ಸಂತೋಷ ಇರುವುದು ಸೂರ್ಯನಾರಾಯಣನಿಗೆ ಸಹಿಸಲಾಗಲಿಲ್ಲ. ಅವನ ಕಣ್ಣಿಗೆ ಟವೆಲು ಬಿಗಿದು ಕಟ್ಟಿಸಿದ. ಎರಡು ಲೋಟ ಮುಂದೆ ಇಟ್ಟು, ‘ಒಂದು ಕಾಫಿ. ಯಾವುದು ಅಂತ ಕುಡಿದು ಹೇಳು’ ಎಂದ. ಕರುಣಾಕರ ಕೈಗೆ ಸಿಕ್ಕ ಲೋಟ ಎತ್ತಿದ. ಬೆಚ್ಚಗಿತ್ತು. ಕಾಫಿಯೇ ಇರಬೇಕು ಎಂದು ತುಟಿಗೆ ತಂದ. ಯಾರೋ ಕೂಗಿದರು, ಲೋಟ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ಟವೆಲು ಕಿತ್ತಾಗ ಸೂರ್ಯನಾರಾಯಣ ಬೆಳ್ಳಗಾಗಿದ್ದ. ನೆಲದ ಮೇಲೆ ಹಾಲಿನಂತೆ ಹರಿಯುತ್ತಿದ್ದದ್ದು ಫಿನೈಲಿನ ನೀರು.

‘ಕುಡಿದೇ ಬಿಡುತ್ತಿದ್ದೆಯಲ್ಲ ಮಾರಾಯ’ ಎಂದು ಸೂರ್ಯನಾರಾಯಣ ಕುರ್ಚಿಗೆ ಕುಸಿದ. ಗುಂಡಣ್ಣ ನೆಲ ಒರೆಸುತ್ತಾ, ಕರುಣಾಕರನ ಪಾದದ ಬಳಿ ಬಂದಾಗ ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದ. ಕೊನೆಗೆ ಸೂರ್ಯನಾರಾಯಣ ಹತ್ತಿರ ಕರೆದು ಭುಜದ ಮೇಲೆ ಕೈ ಹಾಕಿದ. ಇಷ್ಟು ವರ್ಷದಲ್ಲಿ ಆ ಕೈ ಭುಜಕ್ಕೆ ಬಿದ್ದದ್ದು ಇದೇ ಮೊದಲು.

‘ಕೇಳು. ಈ ಮೂಗಿನ ವಿಷಯ ಈ ಗೋಡೆ ದಾಟಬಾರದು. ನಮ್ಮ ಹುಡಿ ಕದ್ದರು ಅಂದರೆ ನಮಗೆ ಮರ್ಯಾದೆ. ಕದಿಯುವಂಥದ್ದು ನಮ್ಮಲ್ಲಿ ಉಂಟು ಅಂತ ಆಯಿತು. ಭಟ್ಟನಿಗೆ ವಾಸನೆಯೇ ತಿಳಿಯುವುದಿಲ್ಲ ಅಂದರೆ? ನಾಳೆಯಿಂದ ಯಾರು ಬರುತ್ತಾರೆ? ಅದಕ್ಕೆ ನೀನು ಕದ್ದೆ. ತಪ್ಪಾಯಿತು ಅಂದೆ. ನಾನು ಕ್ಷಮಿಸಿದೆ. ಇಷ್ಟೇ. ನಿನ್ನ ಕೆಲಸಕ್ಕೆ ನಾನಿರುವವರೆಗೆ ಏನೂ ಆಗುವುದಿಲ್ಲ. ಅಲ್ಲ ಅಂತ ಬಾಯಿ ಬಿಟ್ಟೆಯೋ, ಇವತ್ತೇ ಲೆಕ್ಕ ಮುಗಿಯಿತು.’

ಅವನ ಕಣ್ಣಲ್ಲಿ ನಿಜವಾದ ಕರುಣೆ ಇತ್ತು. ಅದೇ ಭಯಂಕರ. ಕದಿಯದೆ ಕಳ್ಳನಾಗಿ, ಕ್ಷಮೆ ಪಡೆದು, ಬೆಚ್ಚಗೆ ಬದುಕಬಹುದು. ಪ್ರಜ್ಞಾಳ ಫೀಸು ಕಟ್ಟಬಹುದು. ಅವಳಿಗೆ ಉತ್ತರ ಒಂದು ಕೊಡುವುದಕ್ಕಾಗುವುದಿಲ್ಲ, ಅಷ್ಟೇ. ಅಷ್ಟೇ ತಾನೇ ಎಂದು ಅವನು ಮನಸ್ಸಿನಲ್ಲಿ ಹಲವು ಸಲ ಹೇಳಿಕೊಂಡ. ಹೇಳಿಕೊಂಡಷ್ಟೂ ಆ ಅಷ್ಟೇ ದೊಡ್ಡದಾಯಿತು.

ಸಂಜೆಯ ತಿಂಡಿಗೆ ಮೊದಲು ಬಂದವರು ಚಿದಂಬರ ಅವರೇ. ನಿವೃತ್ತ ಅಧಿಕಾರಿ, ಕೈಯಲ್ಲಿ ಕೋಲು, ಮುಖದಲ್ಲಿ ಕುತೂಹಲ. ಇಡ್ಲಿ ಬಂತು, ಸಾಂಬಾರು ಬಂತು. ಸೂರ್ಯನಾರಾಯಣ ಕರುಣಾಕರನನ್ನು ಅಡುಗೆಮನೆಯ ಬಾಗಿಲಿಂದ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ದೇವಸ್ಥಾನದ ಧರ್ಮದರ್ಶಿಯ ದನಿಯಲ್ಲಿ, ‘ತಪ್ಪು ಒಪ್ಪಿಕೊಂಡಿದ್ದಾನೆ ಸಾರ್. ಮನೆಯ ಮನುಷ್ಯ, ಕ್ಷಮಿಸಿದೆ’ ಎಂದ. ಚಿದಂಬರ ಕನ್ನಡಕದ ಮೇಲಿಂದ ನೋಡಿದರು. ‘ಏನಪ್ಪಾ, ನಿನ್ನಂಥವನು ಹೀಗೆ ಮಾಡಬಹುದೇ?’

‘ಮಾಡಲಿಲ್ಲ ಸಾರ್’ ಎಂದ ಕರುಣಾಕರ. ದನಿ ಇಷ್ಟು ದೊಡ್ಡದಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಪಂಜಾಬಿ ಗಂಡಹೆಂಡಿರೂ ತಿರುಗಿ ನೋಡಿದರು. ‘ನಾನು ಏನೂ ಕದ್ದಿಲ್ಲ. ನನಗೆ ವಾಸನೆ ತಿಳಿಯುವುದಿಲ್ಲ. ನೀವು ತಿನ್ನುತ್ತಿದ್ದೀರಲ್ಲ, ಅದರ ಪರಿಮಳ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ, ಅದೊಂದೇ ನಾನು ಮಾಡಿದ ತಪ್ಪು.’ ಬಾಗಿಲ ಕಡೆ ತಿರುಗಿ, ‘ಭಾಯಿ ಸಾಬ್, ಮುಝೆ ಖುಶ್ಬೂ ನಹೀಂ ಆತೀ’ ಎಂದು ಅವರಿಗೂ ಹೇಳಿದ. ಕೆಲಸ ಹೋಯಿತು. ಹೋಗುವುದು ಇಷ್ಟು ಹಗುರವಾಗಿರುತ್ತದೆಯೇ? ರಸ್ತೆಗೆ ಓಡಿಹೋಗಿ ಇ-ರಿಕ್ಷಾದವರಿಗೆಲ್ಲ ಹೇಳಿಬಿಡಬೇಕು ಅನ್ನಿಸಿತು.

ಚಿದಂಬರ ಚಮಚ ಕೆಳಗಿಟ್ಟರು. ‘ಹಾಗಾದರೆ ಕದ್ದವರು ಯಾರು?’

ಅಡುಗೆಮನೆಯ ಬಾಗಿಲಲ್ಲಿ ಪ್ರಫುಲ್ಲಾ ನಿಂತಿದ್ದಳು. ಅವಳು ಕರುಣಾಕರನನ್ನೇ ನೋಡುತ್ತಿದ್ದಳು. ತನ್ನ ಗುಟ್ಟನ್ನು ಎರಡು ವರ್ಷ ಕಾಪಾಡಿದ ದೇವರಂಥ ಮನುಷ್ಯನಿಗೆ ಗುಟ್ಟೇ ಗೊತ್ತಿರಲಿಲ್ಲ, ಗೊತ್ತಾದದ್ದು ಇವತ್ತು ಮಧ್ಯಾಹ್ನ. ಆದರೂ ಹೇಳಲಿಲ್ಲ. ಅವಳ ಮುಖದ ಮೇಲೆ ಅದೆಲ್ಲ ಒಂದರ ಹಿಂದೊಂದು ಹಾದುಹೋಗುವುದು ಅವನಿಗೆ ಕಂಡಿತು.

‘ಯಾರೂ ಕದ್ದಿಲ್ಲ’ ಎಂದಳು. ‘ಅದು ಅತ್ತೆಯ ಹುಡಿ ಅಲ್ಲ. ಕರೋಲ್ ಬಾಗಿನ ಅಂಗಡಿಯದ್ದು. ಎರಡು ವರ್ಷವಾಯಿತು.’

ಸೂರ್ಯನಾರಾಯಣ ಹೆಂಡತಿಯನ್ನು ನೋಡಿದ, ಬಟ್ಟಲನ್ನು ನೋಡಿದ, ಗಲ್ಲಾದ ಪಕ್ಕ ಹಾರ ಹಾಕಿದ್ದ ಅಮ್ಮನ ಫೋಟೋ ನೋಡಿದ. ಕೂಗಾಡುತ್ತಾನೆ ಎಂದು ಎಲ್ಲರೂ ಕಾದರು. ಅಷ್ಟರಲ್ಲಿ ಮಕ್ಕಳು ಮರಿ ಸಮೇತ ಒಂದು ಸಂಸಾರ ಒಳಗೆ ನುಗ್ಗಿ, ‘ಭಯ್ಯಾ, ಇಡ್ಲಿ ಸಾಂಬಾರ್, ಜಲ್ದೀ’ ಎಂದು ಕುರ್ಚಿ ಎಳೆದುಕೊಂಡಿತು. ಕರುಣಾಕರನಿಗೆ ಹೋಗು ಎಂದೂ ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವನು ಒಳಗೆ ಹೋದ. ಒಲೆ ಹೊತ್ತಿಸಿ, ಎಣ್ಣೆ ಕಾಯಿಸಿ, ಸಾಸಿವೆ ಹಾಕಿದ. ಸಾಸಿವೆ ಸಿಡಿಯಿತು. ಇಷ್ಟು ವರ್ಷ ಈ ಸದ್ದಿಗೆ ಉಸಿರು ಬಿಗಿಹಿಡಿದು ನಿಂತವನು, ಕರಟಿತೋ ಇಲ್ಲವೋ ಎಂದು ಯಾರನ್ನೂ ಕೇಳಲಾಗದೆ ಒಳಗೊಳಗೇ ಸತ್ತವನು, ಮಾವನ ಸೌಟಿನ ಭಯವನ್ನೂ ಬಿಟ್ಟು, ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ: ‘ಸೂರ್ಯಣ್ಣಾ, ಒಮ್ಮೆ ಬಂದು ಮೂಸಿ ಹೇಳಿ, ಒಗ್ಗರಣೆ ಸರಿಯಾಯಿತಾ?’

ಸೂರ್ಯನಾರಾಯಣ ಬಂದ. ಬರುತ್ತಾನೆಂದು ಕರುಣಾಕರ ನಂಬಿರಲಿಲ್ಲ. ಒಲೆಯ ಮುಂದೆ ನಿಂತು, ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ. ಅಲ್ಲೇ ನಿಂತ.

‘ಪರಿಮಳ ಬರುತ್ತಿದೆ, ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ ಮಾರಾಯ’ ಎಂದ. ಆಮೇಲೆ ಬಾಗಿಲ ಕಡೆ ತಿರುಗಿ, ‘ಪ್ರಫುಲ್ಲಾ, ಸ್ವಲ್ಪ ಇಲ್ಲಿ ಬಾ’ ಎಂದು ಕರೆದ.